ರೇಡಿಯೊ ಸಿಟಿ 91.1: ಬೆಂಗಳೂರಿನ ಮೊದಲ ಖಾಸಗಿ ಎಫ್‌ಎಂ ಕನ್ನಡಕ್ಕೆ ಹೊರಳಿದ ಪ್ರಕರಣ

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಪ್ರಸಾರ ಆರಂಭಿಸಿತು. ಅದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ದಿಲ್ಲಿ, ಮುಂಬೈಗಳಿಗೆ ಸಿಗದ ಈ ಮೊದಲ ಮಣೆ ಕನ್ನಡನಾಡಿನ ರಾಜಧಾನಿಗೆ ಸಿಕ್ಕಿತು. ಆದರೆ ಆ ಮಣೆಯ ಮೇಲೆ ಕುಳಿತದ್ದು ಕನ್ನಡವಲ್ಲ. ಇಂಗ್ಲಿಷ್ ಮಾತು, ಹಿಂದಿ ಹಾಡು, ನಡುನಡುವೆ ಇಂಗ್ಲಿಷ್ ಪಾಪ್, ಅಲ್ಲೊಂದು ಇಲ್ಲೊಂದು ಕನ್ನಡ ಹಾಡು: ಮೊದಲ ವರ್ಷಗಳ ರೇಡಿಯೊ ಸಿಟಿ ಹೀಗಿತ್ತು. ಒಂದು ದಶಕ ತುಂಬುವುದರೊಳಗೆ ಅದೇ ಕೇಂದ್ರ ಬೆಳಗಿನಿಂದ ರಾತ್ರಿಯವರೆಗೆ ಕನ್ನಡ ಮಾತನಾಡುವ, ಕನ್ನಡ ಚಿತ್ರಗೀತೆಗಳನ್ನೇ ನೆಚ್ಚಿದ ಕೇಂದ್ರವಾಯಿತು.

ಈ ಹೊರಳುವಿಕೆಗೆ ನಮ್ಮಲ್ಲಿ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಕನ್ನಡಪರ ಸಂಘಟನೆಗಳು ಒತ್ತಾಯಿಸಿದವು, ಕೇಂದ್ರಗಳು ಮಣಿದವು ಎಂಬುದು ಮೊದಲನೆಯದು. ಕನ್ನಡ ಚಿತ್ರಸಂಗೀತ ಮತ್ತೆ ಚಿಗುರಿತು, ಹಾಗಾಗಿ ರೇಡಿಯೊಗಳೂ ಹಿಂಬಾಲಿಸಿದವು ಎಂಬುದು ಎರಡನೆಯದು. ಎರಡರಲ್ಲೂ ಹುರುಳಿದೆ, ಆದರೆ ಎರಡೂ ಸೇರಿದರೂ ಪ್ರಕರಣ ಪೂರ್ತಿಯಾಗುವುದಿಲ್ಲ. ಒಂದು ಕೇಂದ್ರ ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದನ್ನು ಅದು ಸರ್ಕಾರಕ್ಕೆ ಹೇಗೆ ದುಡ್ಡು ಕಟ್ಟುತ್ತದೆ, ಊರಿನಲ್ಲಿ ಎಷ್ಟು ಪ್ರತಿಸ್ಪರ್ಧಿಗಳಿದ್ದಾರೆ, ಕೇಳುಗರನ್ನು ಯಾರು ಎಣಿಸುತ್ತಾರೆ ಎಂಬ ಮೂರು ಸಂಗತಿಗಳು ಬಹುಮಟ್ಟಿಗೆ ತೀರ್ಮಾನಿಸುತ್ತವೆ ಎಂಬುದು ನನ್ನ ವಾದ. ಈ ಮೂರೂ ಕಣ್ಣೆದುರಿಗೇ ಬದಲಾದದ್ದು ರೇಡಿಯೊ ಸಿಟಿಯ ಬದುಕಿನಲ್ಲಿ. ಈ ಅಧ್ಯಯನಕ್ಕೆ ಅದನ್ನು ಆರಿಸಿಕೊಂಡಿರುವುದು ಅದಕ್ಕಾಗಿಯೇ.

ಒಬ್ಬಂಟಿಯಾಗಿದ್ದ ಕಾಲ

ಬೆಂಗಳೂರಿನವರಿಗೆ ರೇಡಿಯೊ ಹೊಸತಾಗಿರಲಿಲ್ಲ. 1955ರ ನವೆಂಬರ್‌ನಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದ ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ದಶಕಗಳ ಕಾಲ ಕನ್ನಡದಲ್ಲೇ ಬಾಳಿದೆ. ವಾರ್ತೆ, ಕೃಷಿ, ನಾಟಕ, ಸುಗಮ ಸಂಗೀತ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ವಿವಿಧ ಭಾರತಿ ಚಿತ್ರಗೀತೆಗಳನ್ನು ನೋಡಿಕೊಳ್ಳುತ್ತಿತ್ತು. ಖಾಸಗಿಯವರಿಗೆ ಮಾತ್ರ ಬಾಗಿಲು ಮುಚ್ಚಿತ್ತು. 1993ರ ನಂತರ ಕೆಲವು ಮಹಾನಗರಗಳಲ್ಲಿ ಆಕಾಶವಾಣಿ ತನ್ನ ಎಫ್‌ಎಂ ವಾಹಿನಿಯ ಹೊತ್ತನ್ನು ಖಾಸಗಿ ಸಂಸ್ಥೆಗಳಿಗೆ ಮಾರಿತು. ಅದು ಬಾಡಿಗೆಯ ಮನೆ, ಸ್ವಂತದ್ದಲ್ಲ. 1995ರ ಫೆಬ್ರುವರಿಯಲ್ಲಿ ಕ್ರಿಕೆಟ್ ನೇರಪ್ರಸಾರದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಹೇಳಿದ ಮೇಲೆ ಚಿತ್ರ ಬದಲಾಯಿತು. 1999ರಲ್ಲಿ ಸರ್ಕಾರ ಖಾಸಗಿ ಎಫ್‌ಎಂ ನೀತಿ ತಂದು, 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಟ್ಟಿತು.

ಹರಾಜಿನಲ್ಲಿ ಉತ್ಸಾಹ ಹೆಚ್ಚಾಯಿತು, ವಿವೇಕ ಕಡಿಮೆಯಾಯಿತು. ಕೂಗಿದ ಮೊತ್ತವನ್ನು ಪ್ರತಿವರ್ಷ ಪರವಾನಗಿ ಶುಲ್ಕವಾಗಿ ಕಟ್ಟಬೇಕು, ಅದರ ಮೇಲೆ ವರ್ಷಕ್ಕೆ ಶೇಕಡಾ 15ರಷ್ಟು ಏರಿಕೆ. ಪರವಾನಗಿ ಹತ್ತು ವರ್ಷದ್ದು. ಚಕ್ರಬಡ್ಡಿಯ ಲೆಕ್ಕ ಹಾಕಿ ನೋಡಿ: ಮೊದಲ ವರ್ಷ ಒಂದು ರೂಪಾಯಿ ಕಟ್ಟಿದವನು ಹತ್ತನೆಯ ವರ್ಷ ಮೂರೂವರೆ ರೂಪಾಯಿ ಕಟ್ಟಬೇಕು. ಜಾಹೀರಾತು ಬಂತೋ ಬಿಟ್ಟಿತೋ ಸರ್ಕಾರಕ್ಕೆ ಸಂಬಂಧವಿಲ್ಲ. ಕೂಗಿದವರಲ್ಲಿ ಬಹಳ ಮಂದಿ ಠೇವಣಿ ಬಿಟ್ಟುಕೊಟ್ಟು ಹಿಂದೆ ಸರಿದರು. ಕೊನೆಗೆ ದೇಶದಲ್ಲಿ ಪ್ರಸಾರಕ್ಕೆ ಬಂದದ್ದು ಹನ್ನೆರಡು ನಗರಗಳಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ಕೇಂದ್ರಗಳು. ಬೆಂಗಳೂರಿಗೆ ಒಂದೇ ಒಂದು.

ಆ ಒಂದರ ಪರವಾನಗಿ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಎಂಬ ಕಂಪನಿಯದು. ಆಗ ಎಫ್‌ಎಂನಲ್ಲಿ ವಿದೇಶಿ ಪ್ರಸಾರಕರಿಗೆ ಅವಕಾಶವಿರಲಿಲ್ಲವಾದ್ದರಿಂದ ಸ್ಟಾರ್ ಸಮೂಹ ಕಾರ್ಯಕ್ರಮ ಒದಗಿಸುವ ಒಪ್ಪಂದದ ಮೂಲಕ ಜೊತೆಗೂಡಿತು. ಕೇಂದ್ರದ ಮೊದಲ ಧ್ವನಿ, ಮೊದಲ ರುಚಿ ಉಪಗ್ರಹ ವಾಹಿನಿಗಳ ಲೋಕದಿಂದ ಬಂದವು.

ಈಗ ಕೇಂದ್ರದ ವ್ಯವಸ್ಥಾಪಕನ ಕುರ್ಚಿಯಲ್ಲಿ ಕುಳಿತು ಯೋಚಿಸೋಣ. ಖರ್ಚು ನಿಗದಿಯಾಗಿದೆ ಮತ್ತು ಏರುತ್ತಲೇ ಹೋಗುತ್ತದೆ. ಊರಿನಲ್ಲಿ ಮತ್ತೊಂದು ಖಾಸಗಿ ಕೇಂದ್ರವಿಲ್ಲ. ಕೇಳುಗರನ್ನು ವಾರವಾರ ಎಣಿಸುವ ಏರ್ಪಾಡೂ ಇಲ್ಲ. ಇಂತಹ ಸ್ಥಿತಿಯಲ್ಲಿ ಕೇಂದ್ರ ಓಲೈಸಬೇಕಾದ್ದು ಕೇಳುಗನನ್ನಲ್ಲ, ಜಾಹೀರಾತುದಾರನನ್ನು. ಕೇಳುಗ ಎಲ್ಲಿಗೂ ಹೋಗುವುದಿಲ್ಲ, ಹೋದರೆ ಆಕಾಶವಾಣಿಗೆ ಹೋಗಬೇಕು. 2001ರ ಬೆಂಗಳೂರಿನಲ್ಲಿ ಹತ್ತು ಸೆಕೆಂಡಿಗೆ ಒಳ್ಳೆಯ ದರ ಕೊಡಬಲ್ಲ ಜಾಹೀರಾತುದಾರರು ಮೊಬೈಲ್ ಕಂಪನಿಗಳು, ಬಟ್ಟೆಯ ದೊಡ್ಡ ಅಂಗಡಿಗಳು, ಕಾಫಿ ಸರಣಿಗಳು, ಬ್ಯಾಂಕುಗಳು. ಅವರ ಜಾಹೀರಾತು ತೀರ್ಮಾನವಾಗುತ್ತಿದ್ದದ್ದು ಬಹುಮಟ್ಟಿಗೆ ಮುಂಬೈಯಲ್ಲಿ. ಅವರ ಕಣ್ಣಿಗೆ ಕಾಣುತ್ತಿದ್ದ ಬೆಂಗಳೂರು ಎಂದರೆ ಎಂ.ಜಿ. ರಸ್ತೆ, ಕೋರಮಂಗಲ, ಇಂದಿರಾನಗರ. ಕಾರಿನಲ್ಲಿ ಕಚೇರಿಗೆ ಹೋಗುವ ತರುಣ ಆ ಕಲ್ಪನೆಯ ನಾಯಕ. ಅವನು ಯಾವ ಊರಿನಿಂದ ಬಂದವನಾದರೂ ಇರಲಿ, ಇಂಗ್ಲಿಷ್ ಮಾತು ಹಿಂದಿ ಹಾಡು ಹಾಕಿದರೆ ನಡೆಯುತ್ತದೆ ಎಂಬ ಊಹೆ.

ಅದು ಊಹೆಯೇ ಎಂಬುದನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸುವವರು ಅರ್ಧಕ್ಕಿಂತ ಕಡಿಮೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಜನಗಣತಿಯೂ ಅದನ್ನೇ ಹೇಳುತ್ತದೆ. ಆದರೆ ಉಳಿದ ಅರ್ಧ ತಮಿಳು, ತೆಲುಗು, ಉರ್ದುಗಳ ನಡುವೆ ಹಂಚಿಹೋಗಿದೆ. ಹಿಂದಿಯನ್ನು ತಾಯ್ನುಡಿಯೆಂದವರ ಪಾಲು 2011ರಲ್ಲೂ ಒಂದಂಕಿಯ ಶೇಕಡಾವಾರಿನಲ್ಲೇ ಇತ್ತು. ಚಾಮರಾಜಪೇಟೆಯ ತಮಿಳರೂ ಶಿವಾಜಿನಗರದ ಉರ್ದು ಮಾತನಾಡುವವರೂ ಹಿಂದಿ ಹಾಡು ಕೇಳುವುದಿಲ್ಲವೆಂದಲ್ಲ. ಆದರೆ ‘ಎಲ್ಲರಿಗೂ ಸಲ್ಲುವ ಭಾಷೆ ಹಿಂದಿ’ ಎಂಬ ನಂಬಿಕೆಗೆ ಆಧಾರವಾಗಿ ಒಂದು ಅಂಕಿಯೂ ಇರಲಿಲ್ಲ. ಎಣಿಕೆಯೇ ಇಲ್ಲದಿದ್ದಾಗ ನಂಬಿಕೆಯೇ ಅಂಕಿ.

ಕೇಂದ್ರದ ಪರವಾಗಿ ಒಂದು ಮಾತು ಹೇಳಲೇಬೇಕು. ಮಾತಿನ ಧಾಟಿಯಲ್ಲಿ ಅದು ತಂದ ಬದಲಾವಣೆ ಸಣ್ಣದಲ್ಲ. ಬರೆದದ್ದನ್ನು ಓದುವ ಉದ್ಘೋಷಕರ ಜಾಗದಲ್ಲಿ ಆಗ ಹೊಳೆದದ್ದನ್ನು ಆಡುವ ಜಾಕಿ ಬಂದರು. ಕೇಳುಗರ ಫೋನ್ ಕರೆ ಕಾರ್ಯಕ್ರಮದ ಬೆನ್ನೆಲುಬಾಯಿತು. ಸಂಚಾರ ದಟ್ಟಣೆಯ ಸುದ್ದಿ ಹಾಡಿನಷ್ಟೇ ಮುಖ್ಯವಾಯಿತು. ಮುಂದೆ ಬಂದ ಕನ್ನಡ ಎಫ್‌ಎಂ ಈ ಅಚ್ಚಿನಲ್ಲೇ ಎರಕಗೊಂಡಿತು.

ಲೆಕ್ಕ ಬದಲಾದ ಮೂರು ವರ್ಷ

ಮೊದಲ ಹಂತದ ಕೇಂದ್ರಗಳು ದೇಶದುದ್ದಕ್ಕೂ ನಷ್ಟದಲ್ಲಿದ್ದವು. ಸರ್ಕಾರ 2003ರಲ್ಲಿ ಅಮಿತ್ ಮಿತ್ರ ನೇತೃತ್ವದ ಸಮಿತಿ ನೇಮಿಸಿತು. ನಿಗದಿತ ಶುಲ್ಕ ಬಿಡಿ, ಒಂದೇ ಬಾರಿ ಪ್ರವೇಶ ಶುಲ್ಕ ತೆಗೆದುಕೊಳ್ಳಿ, ಆಮೇಲೆ ವರಮಾನದಲ್ಲಿ ಪಾಲು ಕೇಳಿ ಎಂಬುದು ಸಮಿತಿಯ ಸಲಹೆಯ ಸಾರ. 2005ರ ಜುಲೈನಲ್ಲಿ ಬಂದ ಎರಡನೆಯ ಹಂತದ ನೀತಿ ಅದನ್ನು ಒಪ್ಪಿತು. ವಾರ್ಷಿಕ ಶುಲ್ಕ ಒಟ್ಟು ವರಮಾನದ ಶೇಕಡಾ 4. ದೇಶದ 91 ನಗರಗಳಲ್ಲಿ 338 ತರಂಗಾಂತರಗಳು ಹರಾಜಿಗೆ ಬಂದವು.

ಬೆಂಗಳೂರಿನ ಮಟ್ಟಿಗೆ ಇದರ ಅರ್ಥ ಏನೆಂದು ತಿಳಿಯಲು ರೇಡಿಯೊದ ಮುಳ್ಳನ್ನು ನಿಧಾನವಾಗಿ ತಿರುಗಿಸಿದರೆ ಸಾಕು. 91.1ರಲ್ಲಿ ರೇಡಿಯೊ ಸಿಟಿ. 91.9ರಲ್ಲಿ ಇಂಡಿಗೋ. 92.7ರಲ್ಲಿ ಬಿಗ್. 93.5ರಲ್ಲಿ ಎಸ್ ಎಫ್‌ಎಂ, ಮುಂದೆ ಅದೇ ರೆಡ್. 94.3ರಲ್ಲಿ ರೇಡಿಯೊ ಒನ್. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 0.8 ಮೆಗಾಹರ್ಟ್ಸ್ ಅಂತರ. ಒಂದು ಕೇಂದ್ರದ ಸದ್ದು ಮತ್ತೊಂದರೊಳಗೆ ನುಗ್ಗದಿರಲೆಂದು ನಮ್ಮಲ್ಲಿ ಪಾಲಿಸುವ ಅಂತರ ಅದು. ಆಮೇಲೆ ಸ್ವಲ್ಪ ದೂರ ಹೋಗಿ 98.3ರಲ್ಲಿ ಮಿರ್ಚಿ, 104ರಲ್ಲಿ ಫೀವರ್. ಇವುಗಳ ನಡುವೆ ಆಕಾಶವಾಣಿಯ 100.1ರ ಅಮೃತವರ್ಷಿಣಿ, 101.3ರ ರೇನ್‌ಬೋ, 102.9ರ ವಿವಿಧ ಭಾರತಿ. ‘ರೇಡಿಯೊ ಸಿಟಿ 91’ ಎಂದು ಹುಟ್ಟಿದ ಕೇಂದ್ರದ ಹೆಸರಿಗೆ ದಶಾಂಶ ಒಂದು ಅಂಟಿಕೊಂಡದ್ದರ ಹಿಂದೆಯೂ ಈ ಹಂಚಿಕೆಯೇ ಇದೆ. ಒಬ್ಬಂಟಿಯಾಗಿದ್ದವನಿಗೆ ಪೂರ್ಣಾಂಕ ಸಾಕಿತ್ತು, ಸಾಲಿನಲ್ಲಿ ನಿಂತವನಿಗೆ ದಶಾಂಶ ಬೇಕಾಯಿತು.

ಒಂದಿದ್ದದ್ದು ಏಳಾಯಿತು. ಏಳರಲ್ಲಿ ಇಂಡಿಗೋ ಇಂಗ್ಲಿಷನ್ನೇ ತನ್ನದಾಗಿಸಿಕೊಂಡಿತು. ಮೊದಲ ದಿನಗಳಿಂದಲೇ ಕನ್ನಡಕ್ಕೆ ಒತ್ತು ಕೊಟ್ಟವರಲ್ಲಿ ಬಿಗ್ ಮತ್ತು ಎಸ್ ಎಫ್‌ಎಂ ಇದ್ದವು. ಫೀವರ್ ಆಗ ಹಿಂದಿಯತ್ತ ವಾಲಿತು. ರೇಡಿಯೊ ಸಿಟಿಯ ಹಳೆಯ ಕಲಬೆರಕೆಗೆ ಈಗ ಎರಡೂ ಕಡೆಯಿಂದ ಪೆಟ್ಟು: ಇಂಗ್ಲಿಷ್ ಬೇಕೆಂದವನು ಇಂಡಿಗೋ ಕೇಳುತ್ತಾನೆ, ಕನ್ನಡ ಬೇಕೆಂದವನು ಮುಂದಿನ ಮುಳ್ಳಿಗೆ ಜಿಗಿಯುತ್ತಾನೆ. ಮೂರನ್ನೂ ಸ್ವಲ್ಪ ಸ್ವಲ್ಪ ಬಡಿಸುವ ಎಲೆಯ ಮುಂದೆ ಯಾರೂ ಕೂರುವುದಿಲ್ಲ.

2007ರಲ್ಲಿ ಎಣಿಕೆಯೂ ಬಂತು. ಟ್ಯಾಮ್ ಸಂಸ್ಥೆ ‘ರ‍್ಯಾಮ್’ ಎಂಬ ಹೆಸರಿನಲ್ಲಿ ರೇಡಿಯೊ ಕೇಳುಗರ ಅಳತೆ ಶುರುಮಾಡಿತು. ಅದರ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಉಪಕರಣ ಏನೂ ಇರಲಿಲ್ಲ, ಒಂದು ಡೈರಿ ಅಷ್ಟೇ. ಆಯ್ದ ಕುಟುಂಬದವರು ಯಾವ ಹೊತ್ತಿನಲ್ಲಿ ಯಾವ ಕೇಂದ್ರ ಕೇಳಿದೆವು ಎಂದು ಅದರಲ್ಲಿ ಗುರುತು ಹಾಕಬೇಕು. ವಾರಕ್ಕೊಮ್ಮೆ ಅಂಕಿ ಹೊರಬೀಳುತ್ತದೆ, ಜಾಹೀರಾತು ಸಂಸ್ಥೆಯ ಮೇಜಿಗೆ ಹೋಗುತ್ತದೆ. ನಗರವೊಂದರ ಲಕ್ಷಾಂತರ ಜನರ ಕಿವಿಯನ್ನು ಕೆಲವೇ ನೂರು ಡೈರಿಗಳಿಂದ ಅಳೆಯುವುದು ಎಷ್ಟು ಸರಿ ಎಂದು ಕೇಂದ್ರಗಳೇ ಗೊಣಗಿದವು. ಅಂಕಿ ತಮಗೆ ಕೂಡಿಬಂದ ವಾರ ಮಾತ್ರ ಯಾರೂ ಗೊಣಗಲಿಲ್ಲ.

ಡೈರಿಯ ಎಣಿಕೆಗೆ ಒಂದು ವಿಚಿತ್ರ ಗುಣವಿದೆ. ಅದು ಕೇಳಿದ್ದನ್ನು ಅಳೆಯುವುದಿಲ್ಲ, ನೆನಪಿರುವುದನ್ನು ಅಳೆಯುತ್ತದೆ. ಸಂಜೆ ಡೈರಿ ತೆರೆದ ಗೃಹಿಣಿಗೆ ಮಧ್ಯಾಹ್ನ ಕೇಳಿದ ಹಾಡು ನೆನಪಿದ್ದು ಕೇಂದ್ರದ ಹೆಸರು ಮರೆತರೆ ಆ ಹೊತ್ತು ಬೇರೆಯವರ ಖಾತೆಗೆ ಹೋದರೂ ಹೋದೀತು. ಪ್ರತಿ ಹಾಡಿನ ಬಾಲಕ್ಕೆ, ಪ್ರತಿ ಮಾತಿನ ತುದಿಗೆ ಕೇಂದ್ರದ ಹೆಸರನ್ನೂ ಸಂಖ್ಯೆಯನ್ನೂ ಬಡಿಯುವ ಚಾಳಿ ಎಫ್‌ಎಂಗೆ ಮೊದಲಿಂದಲೂ ಇತ್ತು. ಡೈರಿ ಬಂದ ಮೇಲೆ ಅದು ಅನಿವಾರ್ಯವಾಯಿತು. ಅದು ಜಾಕಿಯ ಅಹಂಕಾರವೆಂದುಕೊಂಡು ಸಿಡುಕಿದವರು ಬಹಳ ಮಂದಿ. ಪಾಪ, ಅದರಲ್ಲಿ ಅರ್ಧದಷ್ಟು ಡೈರಿಯ ಭಯ.

ಎಣಿಕೆ ಬಂದ ಮೇಲೆ ನಂಬಿಕೆ ಉಳಿಯಲಿಲ್ಲ. ಕನ್ನಡ ಹಾಡು ಹಾಕಿದ ಕೇಂದ್ರಗಳ ಕಡೆ ಕೇಳುಗರಿದ್ದರು. 2006ರಿಂದ ಮುಂದಿನ ಎರಡು-ಮೂರು ವರ್ಷಗಳಲ್ಲಿ ಮಿರ್ಚಿ ಹೊರಳಿತು, ರೇಡಿಯೊ ಸಿಟಿಯೂ ಹೊರಳಿತು. ಅದಾದ ಮೇಲೆ ಬೆಂಗಳೂರಿನ ಮೊದಲ ಸ್ಥಾನಕ್ಕೆ ಬಡಿದಾಡಿದವರೆಲ್ಲ ಕನ್ನಡದಲ್ಲೇ ಬಡಿದಾಡಿದರು. ರೇಡಿಯೊ ಸಿಟಿ ಮುಂದೆ ಹಲವು ವರ್ಷ ಇಲ್ಲಿ ತಾನೇ ಮೊದಲು ಎಂದು ಹೂಡಿಕೆದಾರರ ಮುಂದೆ ಹೇಳಿಕೊಂಡದ್ದು ಈ ಕನ್ನಡದ ಬಲದ ಮೇಲೆ.

ಹಾಗಾದರೆ ಚಳವಳಿಗೂ ಚಿತ್ರಸಂಗೀತಕ್ಕೂ ಪಾಲಿಲ್ಲವೇ? ಇದೆ. ಬನವಾಸಿ ಬಳಗದಂತಹ ಗುಂಪುಗಳು ಕೇಂದ್ರಗಳಿಗೆ ಗ್ರಾಹಕರಾಗಿ ಪತ್ರ ಬರೆಯುವ, ಫೋನ್ ಮಾಡಿ ಕನ್ನಡ ಹಾಡು ಕೇಳುವ ದಾರಿ ಹಿಡಿದವು. ಧರಣಿಗಿಂತ ಇದು ಹೆಚ್ಚು ಫಲ ಕೊಟ್ಟಿತೆಂದು ನನ್ನ ಎಣಿಕೆ. ಏಕೆಂದರೆ ಫೋನಿನ ಸಾಲು ಕೇಂದ್ರದವರಿಗೆ ಅರ್ಥವಾಗುವ ಭಾಷೆ. 2006ರ ಕೊನೆಯ ವಾರ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಸರಿಯಾದ ಹೊತ್ತಿಗೆ ಬಂದವು. ಮನೋಮೂರ್ತಿಯವರ ಸಂಗೀತ, ಸೋನು ನಿಗಮ್ ದನಿ, ಜಯಂತ ಕಾಯ್ಕಿಣಿಯವರ ಸಾಲುಗಳು ಹಿಂದಿ ಹಾಡು ಕೇಳುತ್ತಿದ್ದ ಕಿವಿಗೂ ಹಿಡಿಸಿದವು. ಕನ್ನಡ ಹಾಕಿದರೆ ಕೇಂದ್ರ ‘ಹಳ್ಳಿಯದು’ ಎನಿಸೀತೆಂಬ ಜಾಹೀರಾತುದಾರನ ಅಳುಕು ಅದರೊಂದಿಗೆ ಕರಗಿತು. ಆದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೇ ಹಾಡು, ಇದೇ ಒತ್ತಾಯ 2002ರಲ್ಲಿ ಬಂದಿದ್ದರೆ? ಕೇಂದ್ರ ದಿನಕ್ಕೆರಡು ಬಾರಿ ಹಾಡು ಹಾಕಿ ಸುಮ್ಮನಾಗುತ್ತಿತ್ತು. ಮಣಿಯಲೇಬೇಕಾದ ಕಾರಣ ಆಗ ಇರಲಿಲ್ಲ.

ಬಂದ ಕನ್ನಡ ಯಾವುದು?

ಕೇಂದ್ರದ ಒಳಗೆ ದಿನವನ್ನು ಗಂಟೆಗಳಾಗಿ, ಗಂಟೆಯನ್ನು ‘ಕ್ಲಾಕ್’ ಎಂಬ ನಕ್ಷೆಯಾಗಿ ಮಾಡುತ್ತಾರೆ. ದುಂಡನೆಯ ಗಡಿಯಾರದ ಮುಖವನ್ನು ಹೋಳುಗಳಾಗಿ ಕತ್ತರಿಸಿ ಯಾವ ನಿಮಿಷಕ್ಕೆ ಹಾಡು, ಯಾವ ನಿಮಿಷಕ್ಕೆ ಲಿಂಕ್ ಅಂದರೆ ಜಾಕಿಯ ಮಾತು, ಎಲ್ಲಿ ಜಿಂಗಲ್, ಎಲ್ಲಿ ಜಾಹೀರಾತಿನ ಗುಚ್ಛ ಎಂದು ಬರೆದಿಡುತ್ತಾರೆ. ಹಾಡುಗಳಿಗೂ ದರ್ಜೆಗಳಿವೆ. ಈ ವಾರದ ಹೊಸ ಗೆಲುವಿನ ಹಾಡು ದಿನಕ್ಕೆ ಹಲವು ಬಾರಿ ಸುತ್ತುತ್ತದೆ, ಒಂದೆರಡು ವರ್ಷ ಹಳೆಯದು ಅಷ್ಟು ಬಾರಿ ಇಲ್ಲ, ಹತ್ತು ವರ್ಷ ಹಿಂದಿನದು ರಾತ್ರಿಗೆ. ಇದಕ್ಕೆ ರೊಟೇಷನ್ ಎಂದು ಹೆಸರು. ಹಾಡನ್ನು ಆರಿಸುವುದು ಜಾಕಿಯಲ್ಲ, ತಂತ್ರಾಂಶಕ್ಕೆ ನಿಯಮ ಹಾಕಿಕೊಟ್ಟ ಸಂಗೀತ ವಿಭಾಗ. ಎಂಟೂಕಾಲಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಬಿದ್ದ ಕೇಳುಗ ಚಾನೆಲ್ ಬದಲಿಸುವ ಹಾಗಾಗಬಾರದು. ಅದಕ್ಕಾಗಿ ಅವನಿಗೆ ಈಗಾಗಲೇ ಗೊತ್ತಿರುವ ಹಾಡೇ ಬರಬೇಕು. ಗೊತ್ತಿಲ್ಲದ ಹಾಡು ಅಪಾಯ.

ಈ ನಕ್ಷೆಯೊಳಕ್ಕೆ ಕನ್ನಡ ಬಂದಾಗ ಬಂದದ್ದು ಚಿತ್ರಗೀತೆ ಮಾತ್ರ, ಅದರಲ್ಲೂ ಹೊಸ ಚಿತ್ರಗೀತೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಮನೆಮನೆಗೆ ಮುಟ್ಟಿಸಿದ ಭಾವಗೀತೆಗೆ ಗಡಿಯಾರದಲ್ಲಿ ಹೋಳು ಸಿಗಲಿಲ್ಲ. ಜನಪದಕ್ಕೆ ರಾಜ್ಯೋತ್ಸವದ ವಾರ ಸಿಕ್ಕರೆ ಸಿಕ್ಕಿತು. ಅವು ಆಕಾಶವಾಣಿಯ ಪಾಲಿಗೇ ಉಳಿದವು. ಕನ್ನಡ ಗೆದ್ದಿತು ಎನ್ನುವಾಗ ಗೆದ್ದ ಕನ್ನಡ ಎಷ್ಟು ಅಗಲದ್ದು ಎಂದೂ ಕೇಳಬೇಕು.

ಮಾತಿನ ಕನ್ನಡದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಜಾಕಿಗಳ ಕನ್ನಡ ಕೆಟ್ಟದ್ದು, ಇಂಗ್ಲಿಷ್ ಬೆರೆತದ್ದು, ಉಸಿರು ಬಿಡದೆ ಓಡುವಂಥದ್ದು ಎಂದು ದೂರುವವರು ತುಂಬ. ದೂರು ಸುಳ್ಳಲ್ಲ. ಆದರೆ ಬೆಂಗಳೂರಿನ ಆಟೊ ನಿಲ್ದಾಣದ, ಪಿ.ಜಿ.ಯ, ಕಾಲ್‌ಸೆಂಟರ್‌ ವ್ಯಾನಿನ ಕನ್ನಡ ಅದಕ್ಕಿಂತ ಮೊದಲು ಯಾವ ಮಾಧ್ಯಮದಲ್ಲೂ ಮರ್ಯಾದೆಯಿಂದ ಕೇಳಿರಲಿಲ್ಲ. ಧಾರಾವಾಹಿಯಲ್ಲಿ ಅದು ಹಾಸ್ಯಪಾತ್ರದ ಭಾಷೆ. ಎಫ್‌ಎಂನಲ್ಲಿ ಅದು ಮುಖ್ಯಪಾತ್ರವಾಯಿತು. ಕೆಲಸಕ್ಕೆಂದು ಬಂದು ಇಲ್ಲಿನ ಭಾಷೆ ಕಲಿಯಬೇಕೆಂದ ಎಷ್ಟೋ ಜನರಿಗೆ ಪುಸ್ತಕದ ಕನ್ನಡಕ್ಕಿಂತ ಅದು ಹತ್ತಿರದ್ದಾಗಿತ್ತು.

ಊರಿನ ಕೇಂದ್ರ ಎಂಬುದಕ್ಕೆ ಇನ್ನೊಂದು ಮಿತಿಯೂ ಇದೆ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ನಿಷಿದ್ಧ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನ ನಿಂತಿವೆ ಎನ್ನಬಹುದು. ಏಕೆ ನಿಂತಿವೆ, ಸೇತುವೆಯನ್ನು ಹಾಗೆ ಕಟ್ಟಲು ಯಾರು ಒಪ್ಪಿಗೆ ಕೊಟ್ಟರು ಎಂದು ವರದಿ ಮಾಡುವಂತಿಲ್ಲ. ಎಫ್‌ಎಂ ನೀತಿಯ ಮೂರನೆಯ ಹಂತದಲ್ಲಿ ಆಕಾಶವಾಣಿಯ ವಾರ್ತೆಗಳನ್ನು ಯಥಾವತ್ತಾಗಿ ಮರುಪ್ರಸಾರ ಮಾಡಲು ಅನುಮತಿ ಸಿಕ್ಕಿತು. ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು-ವಿದ್ಯುತ್ತಿನ ಮಾಹಿತಿ ಸುದ್ದಿಯಲ್ಲವೆಂದು ಒಪ್ಪಲಾಯಿತು. ಕೋಟಿ ಜನರ ನಗರವೊಂದು ಹೆಚ್ಚು ಆಲಿಸುವ ಸ್ಥಳೀಯ ಮಾಧ್ಯಮ ಆ ನಗರದ ಪಾಲಿಕೆಯ ಬಗ್ಗೆ ಬಾಯಿಬಿಡಬಾರದು ಎಂಬ ನಿಯಮ ಎರಡು ದಶಕ ದಾಟಿಯೂ ನಿಂತಿರುವುದು ನಾಚಿಕೆಗೇಡು.

ಹಾಡಿನ ಬೆಲೆ

ಪ್ರಸಾರದ ಸ್ವರೂಪವನ್ನು ತಿದ್ದಿದ ಮತ್ತೊಂದು ಕೈ ಕೃತಿಸ್ವಾಮ್ಯದ ಗೌರವಧನ. ಇದರಲ್ಲಿ ರೇಡಿಯೊ ಸಿಟಿ ಬರೀ ಪ್ರೇಕ್ಷಕನಲ್ಲ. ಧ್ವನಿಮುದ್ರಣ ಕಂಪನಿಗಳ ಪರವಾಗಿ ಶುಲ್ಕ ವಸೂಲಿ ಮಾಡುವ ಪಿಪಿಎಲ್ ಸಂಸ್ಥೆಯ ವಿರುದ್ಧ ಕೃತಿಸ್ವಾಮ್ಯ ಮಂಡಳಿಗೆ ಹೋದ ಪ್ರಕರಣದ ಹೆಸರಿನಲ್ಲೇ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಇದೆ. ಮೊದಲಿನ ಪದ್ಧತಿಯಲ್ಲಿ ದರ ‘ನೀಡಲ್ ಅವರ್’ ಲೆಕ್ಕದ್ದು, ಅಂದರೆ ಹಾಡು ನಿಜಕ್ಕೂ ಓಡಿದ ಗಂಟೆಗೆ ಇಷ್ಟು ಎಂದು. ಆ ಲೆಕ್ಕದಲ್ಲಿ ಪ್ರತಿ ಹಾಡೂ ಖರ್ಚು. ಜಾಹೀರಾತಿಲ್ಲದ ರಾತ್ರಿಯ ಹೊತ್ತಿನಲ್ಲಿ ಹಾಡು ಹಾಕಿದಷ್ಟೂ ನಷ್ಟ. 2010ರ ಆಗಸ್ಟ್ 25ರಂದು ಮಂಡಳಿ ಕೊಟ್ಟ ಆದೇಶ ಅದನ್ನು ಕಿತ್ತುಹಾಕಿ, ಕೇಂದ್ರದ ನಿವ್ವಳ ಜಾಹೀರಾತು ವರಮಾನದ ಶೇಕಡಾ 2 ಕೊಟ್ಟರೆ ಸಾಕು ಎಂದಿತು. ಹಾಡು ಎಷ್ಟಾದರೂ ಹಾಕಿ, ವರಮಾನ ಬಂದರೆ ಪಾಲು ಕೊಡಿ. ಪರವಾನಗಿ ಶುಲ್ಕದಲ್ಲಿ 2005ರಲ್ಲಿ ಆದದ್ದೇ ಹಾಡಿನ ವಿಷಯದಲ್ಲಿ ಐದು ವರ್ಷದ ಮೇಲೆ ಆಯಿತು. ‘ಸತತ ಇಷ್ಟು ಹಾಡು, ಮಾತಿಲ್ಲ’ ಎಂಬಂತಹ ಆಕರ್ಷಣೆಗಳನ್ನು ಯಾವ ಹೊತ್ತಿನಲ್ಲಾದರೂ ನಿರಾತಂಕವಾಗಿ ಒಡ್ಡಲು ಇದು ದಾರಿ ಮಾಡಿತು. 2020ರ ಕೊನೆಯ ದಿನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಮತ್ತೆ ಗಂಟೆಯ ದರಕ್ಕೇ ಮರಳಿತು. ಆ ಹೊತ್ತಿಗೆ ಕೇಂದ್ರಗಳ ತಲೆಯ ಮೇಲೆ ಬೇರೆ ಬಂಡೆಯೇ ಬಿದ್ದಿತ್ತು.

ಮಾಲೀಕರು, ಹರಾಜು, ಹಿಂದಿಯ ಮರುಪ್ರವೇಶ

ಸ್ಟಾರ್ ಜೊತೆಗಿನ ನಂಟು ಕಳಚಿದ ಮೇಲೆ ಕೇಂದ್ರ ಹೂಡಿಕೆ ನಿಧಿಯೊಂದರ ಕೈಗೆ ಹೋಯಿತು. 2015ರಲ್ಲಿ ಜಾಗರಣ್ ಪ್ರಕಾಶನ ಕೊಂಡಿತು. ‘ದೈನಿಕ ಜಾಗರಣ್’ ಎಂಬ ಹಿಂದಿ ಪತ್ರಿಕೆಯ ಒಡೆಯರು ಬೆಂಗಳೂರಿನ ಕನ್ನಡ ಕೇಂದ್ರದ ಒಡೆಯರಾದರು. ಭಾಷೆ ಬದಲಾಗಲಿಲ್ಲ. ಹಿಂದಿ ಪತ್ರಿಕೆಯವರು ಬಂದರೆ ಹಿಂದಿ ಬಂದೀತೆಂದು ಹೆದರಿದ್ದವರಿಗೆ ಇದು ಉತ್ತರ: ಮಾಲೀಕನ ಭಾಷೆ ಯಾವುದಾದರೂ ಕೇಂದ್ರ ಕೇಳುಗರ ಅಂಕಿಯ ಭಾಷೆಯಲ್ಲೇ ಮಾತನಾಡುತ್ತದೆ.

ಹಿಂದಿ ಮರಳಿ ಬಂದದ್ದು ಬೇರೆ ಬಾಗಿಲಿನಿಂದ. ಮೂರನೆಯ ಹಂತದ ನೀತಿ ಒಂದೇ ಕಂಪನಿ ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕೇಂದ್ರ ನಡೆಸಲು ಬಿಟ್ಟಿತು. 2015ರ ಇ-ಹರಾಜಿನಲ್ಲಿ ಬೆಂಗಳೂರಿನ ತರಂಗಾಂತರವೊಂದು ನೂರು ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಮಿರ್ಚಿಯ ಮಾತೃಸಂಸ್ಥೆಯ ಪಾಲಾಯಿತು. 98.3ರಲ್ಲಿ ಕನ್ನಡ ಇದ್ದೇ ಇತ್ತು, ಹೊಸ 95ರಲ್ಲಿ ಹಿಂದಿ ಚಿತ್ರಗೀತೆ ಶುರುವಾಯಿತು. ಒಂದು ಕೇಂದ್ರ ಇದ್ದಾಗ ಹಿಂದಿ, ಏಳು ಇದ್ದಾಗ ಕನ್ನಡ, ಒಬ್ಬನಿಗೇ ಎರಡು ಸಿಕ್ಕಾಗ ಕನ್ನಡದ ಜೊತೆಗೆ ಹಿಂದಿ. ಎರಡನೆಯ ಅಂಗಡಿ ತೆರೆದವನು ಮೊದಲ ಅಂಗಡಿಯ ಸರಕನ್ನೇ ಅಲ್ಲಿ ಮಾರುವುದಿಲ್ಲ.

ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಎರಡನೆಯದರ ಗೋಜಿಗೆ ಹೋಗದೆ ಹೊಸ ಊರುಗಳನ್ನು ಸೇರಿಸಿಕೊಂಡು 39 ನಗರಗಳಿಗೆ ಹರಡಿತು. 2017ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೆ ಬಂತು, 333 ರೂಪಾಯಿಗೊಂದರಂತೆ ಷೇರು ಮಾರಿ ಸುಮಾರು 488 ಕೋಟಿ ರೂಪಾಯಿ ಸಂಗ್ರಹಿಸಿತು. ಅದರ ಅದೃಷ್ಟದ ಶಿಖರ ಅದೇ.

ಇಳಿಜಾರು

2018–19ರಲ್ಲಿ ಮ್ಯೂಸಿಕ್ ಬ್ರಾಡ್‌ಕಾಸ್ಟ್‌ನ ವಾರ್ಷಿಕ ವರಮಾನ 320 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. 2020–21ರಲ್ಲಿ ಅದು 130 ಕೋಟಿಯ ಹತ್ತಿರಕ್ಕೆ ಕುಸಿಯಿತು. ಕೋವಿಡ್ ಅನ್ನಬಹುದು, ಅಂಗಡಿಗಳೇ ಮುಚ್ಚಿದ್ದಾಗ ಅಂಗಡಿಯ ಜಾಹೀರಾತು ಎಲ್ಲಿಂದ ಬಂದೀತು. ಆದರೆ ಇಳಿತ ಕೋವಿಡ್‌ಗೆ ಮೊದಲೇ, 2019–20ರಲ್ಲೇ ಶುರುವಾಗಿತ್ತು. ಕೋವಿಡ್ ಹೋದ ಮೇಲೂ ಹಳೆಯ ಮಟ್ಟ ಮರಳಲಿಲ್ಲ. ಐದಾಗಿ ಸೀಳಿದ ಷೇರಿನ ಲೆಕ್ಕದಲ್ಲಿ 333 ಎಂದರೆ ಸುಮಾರು 67 ರೂಪಾಯಿ. 2025ರಲ್ಲಿ ಅದರ ಬೆಲೆ 20 ರೂಪಾಯಿಗಿಂತ ಕೆಳಗಿತ್ತು.

ಇನ್ನೂ ಸ್ಪಷ್ಟವಾದ ಅಳತೆಗೋಲು ಪಕ್ಕದ ಮುಳ್ಳಿನಲ್ಲೇ ಇದೆ. 2019ರಲ್ಲಿ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಬಿಗ್ ಎಫ್‌ಎಂ ಜಾಲವನ್ನು 1,050 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅನುಮತಿಗಳು ಕೂಡಿಬರದೆ ವ್ಯವಹಾರ ಮುರಿಯಿತು. ಬಿಗ್ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರಲ್ಲಿ ಸಫೈರ್ ಮೀಡಿಯಾ ಅದನ್ನು ಪಡೆದದ್ದು 261 ಕೋಟಿಗೆ. ಐದು ವರ್ಷದಲ್ಲಿ ಒಂದೇ ಜಾಲದ ಬೆಲೆ ಕಾಲುಭಾಗಕ್ಕೆ ಇಳಿಯಿತು. 2019ರ ವ್ಯವಹಾರ ಮುರಿದದ್ದು ರೇಡಿಯೊ ಸಿಟಿಯ ಪುಣ್ಯ ಎಂದೇ ಹೇಳಬೇಕು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಫ್‌ಎಂ ಬೆಳೆದದ್ದೇ ಮೊಬೈಲಿನ ಬೆನ್ನೇರಿ. ಇಯರ್‌ಫೋನಿನ ತಂತಿಯೇ ಆಂಟೆನಾ ಆಗುತ್ತಿದ್ದ ಅಗ್ಗದ ಫೋನುಗಳು ಸೆಕ್ಯುರಿಟಿ ಗಾರ್ಡಿನಿಂದ ಗಾರ್ಮೆಂಟ್ಸ್ ಕೆಲಸದವರ ತನಕ ಎಲ್ಲರ ಕೈಗೂ ರೇಡಿಯೊ ಕೊಟ್ಟವು. ಅಂತರ್ಜಾಲ ಅಗ್ಗವಾದ ಮೇಲೆ ಅದೇ ಮೊಬೈಲ್ ಕೈಕೊಟ್ಟಿತು. ಬೇಕಾದ ಹಾಡು ಬೇಕಾದಾಗ ಸಿಗುವವನಿಗೆ ಗೊತ್ತಿರುವ ಹಾಡನ್ನೇ ಬಡಿಸುವ ರೊಟೇಷನ್ ಏಕೆ ಬೇಕು? ತಯಾರಕರು ಹೊಸ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನೇ ಕೈಬಿಡತೊಡಗಿದರು. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ಉಳಿಸಿಕೊಳ್ಳಿ ಎಂದು ಸಲಹೆ ಹೊರಡಿಸಬೇಕಾಯಿತು. ಅದೇ ವರ್ಷ ಸರ್ಕಾರಿ ಜಾಹೀರಾತಿನ ಮೂಲ ದರ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಇಂತಹ ಏರಿಕೆಗೂ ಕೇಂದ್ರಗಳು ಕೈಮುಗಿಯುವ ಸ್ಥಿತಿಗೆ ಬಂದಿದ್ದವು. ಡೈರಿಯ ಎಣಿಕೆ ಮರೆಯಾಯಿತು, ಮೊದಲ ಸ್ಥಾನದ ಜಗಳವೂ ತಣ್ಣಗಾಯಿತು. ಕೇಂದ್ರಗಳು ಈಗ ವರಮಾನಕ್ಕಾಗಿ ಸಮಾರಂಭ ನಡೆಸುತ್ತವೆ, ಜಾಕಿಗಳ ವಿಡಿಯೊ ಮಾಡುತ್ತವೆ, ಪ್ರಾಯೋಜಿತ ಮಾತು ಮಾರುತ್ತವೆ. ಹಾಡು ಎಲ್ಲಾದರೂ ಸಿಗುತ್ತದೆ. ಎಂಟೂಕಾಲಕ್ಕೆ ಟಿನ್ ಫ್ಯಾಕ್ಟರಿಯ ಬಳಿ ಏನಾಗಿದೆ ಎಂದು ಕನ್ನಡದಲ್ಲಿ ಹೇಳಿ ನಗಿಸುವ ದನಿ ಮಾತ್ರ ಎಲ್ಲೆಲ್ಲೂ ಸಿಗುವುದಿಲ್ಲ. ಕೇಂದ್ರದ ಬಳಿ ಉಳಿದಿರುವ ನಿಜವಾದ ಸರಕು ಅದು. ಇಪ್ಪತ್ತು ವರ್ಷ ಅದನ್ನು ಹಾಡುಗಳ ನಡುವಿನ ತೇಪೆಯಂತೆ ಬಳಸಿದ್ದೇ ಇವರ ದೊಡ್ಡ ತಪ್ಪೆಂದು ನನಗೆ ತೋರುತ್ತದೆ.

ಮೂರನೆಯ ಹಂತಕ್ಕೆ ದಾಟಿದ ಹಳೆಯ ಕೇಂದ್ರಗಳ ಪರವಾನಗಿಗಳು 2015ರ ಏಪ್ರಿಲ್ 1ರಿಂದ ಹದಿನೈದು ವರ್ಷದವು, ಅಂದರೆ 2030ರ ಮಾರ್ಚ್ ಕೊನೆಯವರೆಗೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಪಟ್ಟಣಗಳಲ್ಲಿ 730 ತರಂಗಾಂತರಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ದೊಡ್ಡ ನಗರಗಳಲ್ಲಿ ಡಿಜಿಟಲ್ ರೇಡಿಯೊಗೆ ಶಿಫಾರಸು ಮಾಡಿತು. ಆ ಶಿಫಾರಸಿನಂತೆ ಒಂದೇ ತರಂಗಾಂತರದಲ್ಲಿ ಈಗಿನ ಪ್ರಸಾರದ ಜೊತೆಗೆ ಮೂರು ಡಿಜಿಟಲ್ ವಾಹಿನಿಗಳನ್ನೂ ಕೂರಿಸಬಹುದು. 91.1ರಲ್ಲಿ ಹೊಸ ಚಿತ್ರಗೀತೆ, ಅದರ ಪಕ್ಕದಲ್ಲೇ ಹಳೆಯ ಹಾಡು, ಭಾವಗೀತೆ, ಹಿಂದಿ ಎಲ್ಲಕ್ಕೂ ತಾಂತ್ರಿಕವಾಗಿ ಜಾಗವಿರುತ್ತದೆ. ಆ ಮೂರು ಹೆಚ್ಚುವರಿ ವಾಹಿನಿಗಳಿಗೆ ಶುಲ್ಕ ಹೇಗೆ ನಿಗದಿಯಾಗುತ್ತದೆ, ಕೇಳುಗರನ್ನು ಯಾರು ಎಣಿಸುತ್ತಾರೆ ಎಂಬುದು ಗೊತ್ತಾದ ದಿನ ಅವುಗಳ ಭಾಷೆ ಯಾವುದೆಂದೂ ಹೇಳಬಹುದು.